ವಾಡೆಯ ಗೋಡೆಗಳು ಹಾಡುವುದಿಲ್ಲ

ಗುರುಮಠಕಲ್‌ನಲ್ಲಿ ಶಾಸ್ತ್ರೀಯ ಸಂಗೀತದ ಮಾತು ಬಂದರೆ ಎರಡು ಅಭಿಪ್ರಾಯಗಳು ಬೇಗನೆ ಎದುರಾಗುತ್ತವೆ. ಊರಲ್ಲೇ ಇರುವವರು ಹೇಳುವುದು ಹೀಗೆ: ನಮ್ಮಲ್ಲಿ ಒಂದು ಒಳ್ಳೆಯ ರಂಗಮಂದಿರವಿಲ್ಲ, ಆದ್ದರಿಂದ ಕಛೇರಿಗಳಿಲ್ಲ, ಕಛೇರಿಗಳಿಲ್ಲದ್ದರಿಂದ ಕೇಳುವವರೂ ಇಲ್ಲ. ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿ ಹಬ್ಬಕ್ಕೋ ಮದುವೆಗೋ ಬಂದು ಹೋಗುವವರು ಹೇಳುವುದು ಇದಕ್ಕೆ ತೀರ ವಿರುದ್ಧ: ರಂಗಮಂದಿರವೇ ಸಂಗೀತವನ್ನು ಕೆಡಿಸಿತು. ಹಳೆಯ ವಾಡೆ, ಮಣ್ಣಿನ ಮಾಳಿಗೆ, ಹಾಸಿದ ಜಮಖಾನೆ, ಮೈಕಿಲ್ಲದ ದನಿ, ಐವತ್ತು ಮಂದಿ ರಸಿಕರು, ಇದೇ ನಿಜವಾದ ಬೈಠಕ್. ಈಗ ಎರಡನೆಯ ಮಾತಿಗೇ ಬೆಲೆ ಹೆಚ್ಚು. ನಗರಗಳಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ ಅಲ್ಲಿ ಸಣ್ಣ ಕಛೇರಿಗಳನ್ನು ಏರ್ಪಡಿಸುವುದು ರೂಢಿಯಾಗುತ್ತಿದೆ. ಹಾಗಿರುವಾಗ, ಸುರಪುರದ ಟೇಲರ್ ಮಂಜಿಲ್‌ನಂಥ ಕಟ್ಟಡದಲ್ಲಿ ಅಂಥದ್ದೊಂದು ಏಕೆ ಆಗಬಾರದು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಸಣ್ಣ ಬೈಠಕ್‌ನ ಮೇಲೆ ನನಗೂ ಪ್ರೀತಿಯಿದೆ. ಶಾಸ್ತ್ರೀಯ ಸಂಗೀತವನ್ನು ಕೇಳಲು ಅದಕ್ಕಿಂತ ಒಳ್ಳೆಯ ಕ್ರಮವಿಲ್ಲ ಎಂದು ನಂಬಿದ್ದೇನೆ ಕೂಡ. ಆದರೆ ಅದರ ಪರವಾಗಿ ಸಾಮಾನ್ಯವಾಗಿ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು ನನ್ನ ಅನುಮಾನ. ತಪ್ಪು ಕಾರಣಕ್ಕಾಗಿ ಒಳ್ಳೆಯದನ್ನು ಮೆಚ್ಚಿದರೆ ಆಗುವ ನಷ್ಟವೆಂದರೆ, ಅದು ನಮ್ಮ ಪಕ್ಕದಲ್ಲೇ ಇದ್ದರೂ ಗುರುತು ಹತ್ತುವುದಿಲ್ಲ. ಗುರುಮಠಕಲ್ ಸೀಮೆಯಲ್ಲಿ ಆಗಿರುವುದು ಇದೇ ಎಂದು ನನಗೆ ತೋರುತ್ತದೆ. ಆದ್ದರಿಂದ ಆ ಕಾರಣಗಳನ್ನು ಒಂದೊಂದಾಗಿ ನೋಡೋಣ. ಓದುಗರು ಎಲ್ಲಾದರೂ ನನ್ನಿಂದ ಬೇರೆಯಾಗಬಹುದು. ಬೇರೆಯಾಗುವ ಜಾಗ ಸ್ಪಷ್ಟವಾಗಿದ್ದರೆ ಸಾಕು.

ಮೊದಲನೆಯ ನಂಬಿಕೆ, ಜಾಗ ಐತಿಹಾಸಿಕವಾಗಿದ್ದರೆ ಸಂಗೀತಕ್ಕೆ ಒಂದು ಬಗೆಯ ಸತ್ವ ತಾನಾಗಿ ಬರುತ್ತದೆ ಎನ್ನುವುದು. ಇದಕ್ಕೆ ಕರ್ನಾಟಕದಲ್ಲಿ ಸಿಗುವ ಅತ್ಯುತ್ತಮ ಸಾಕ್ಷ್ಯ ಧಾರವಾಡ ಜಿಲ್ಲೆಯ ಕುಂದಗೋಳದ ನಾಡಿಗೇರ ವಾಡೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಿಗೂ ಅವರ ಶಿಷ್ಯ ಸವಾಯಿ ಗಂಧರ್ವರಿಗೂ ಆ ಮನೆಯವರು ಆಶ್ರಯವಾಗಿದ್ದರು. 1886ರಲ್ಲಿ ಹುಟ್ಟಿದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ಸಂಗೀತೋತ್ಸವ ಅದೇ ವಾಡೆಯಲ್ಲಿ ಅಹೋರಾತ್ರಿ ನಡೆದುಬಂದಿದೆ. ಅಲ್ಲಿ ಹಾಡುವುದನ್ನು ಗಾಯಕರು ಸೇವೆಯೆಂದೇ ತಿಳಿಯುತ್ತಾರೆ. ಇಷ್ಟು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದರಲ್ಲಿ ಗೋಡೆಯ ಪಾಲೆಷ್ಟು, ಮನುಷ್ಯರ ಪಾಲೆಷ್ಟು?

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ಮರಳುತ್ತಿದ್ದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲಿದ್ದು ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಕುಂದಗೋಳವನ್ನು ಕುಂದಗೋಳವಾಗಿಸಿದ್ದು ವರ್ಷಗಟ್ಟಲೆ ನಡೆದ ಈ ಓಡಾಟ, ಈ ದುಡಿಮೆ, ಒಬ್ಬ ಗುರು ಅಲ್ಲಿ ನೆಲೆ ನಿಂತದ್ದು. ವಾಡೆ ಇದೆಲ್ಲಕ್ಕೆ ನೆರಳು ಕೊಟ್ಟಿತು, ನಿಜ. ಆದರೆ ನೆರಳೇ ಕಾರಣವಾಗಿದ್ದರೆ ನಮ್ಮ ಸೀಮೆಗೆ ಸಂಗೀತದ ಕೊರತೆ ಬರಬಾರದಿತ್ತು. ಯಾದಗಿರಿಯ ಬೆಟ್ಟದ ಕೋಟೆ, ವಾಗಣಗೇರಿಯ ಕೋಟೆ, ಸುರಪುರದ ನಾಯಕ ಅರಸರ ದರ್ಬಾರು, ಊರೂರಿನ ಗೌಡರ ವಾಡೆಗಳು, ಹಳೆಯ ಕಟ್ಟಡಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಮೌನವಾಗಿವೆ. ಕಟ್ಟಡ ಹಳೆಯದಾಗುವುದಕ್ಕೆ ಕಾಲ ಸಾಕು. ಅದರಲ್ಲಿ ಸಂಗೀತ ನೆಲೆಸುವುದಕ್ಕೆ ಕಾಲವೊಂದೇ ಸಾಲದು.

ಟೇಲರ್ ಮಂಜಿಲ್ ಈ ವಿಷಯದಲ್ಲಿ ಯೋಚಿಸತಕ್ಕ ಉದಾಹರಣೆ. 1841ರಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷರ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಅದು. ಟೇಲರ್‌ಗೆ ಈ ನೆಲದ ವಾದ್ಯಗಳಲ್ಲಿ ಆಸಕ್ತಿಯಿತ್ತು. ಮುಂದೆ 1860ರ ದಶಕದಲ್ಲಿ ಭಾರತೀಯ ವಾದ್ಯಗಳ ಸಂಗ್ರಹವೊಂದನ್ನು ಕುರಿತು ಆತ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಗೆ ವಿವರಣೆ ಬರೆದುಕೊಟ್ಟ. ಹೀಗೆ ಇತಿಹಾಸವೂ ಇದೆ, ಸಂಗೀತದ ನಂಟೂ ಇದೆ. ಆದರೆ ಅಲ್ಲಿ ವರ್ಷಕ್ಕೊಮ್ಮೆ ಒಂದು ಕಛೇರಿ ಮಾಡಿದರೆ ಬರುವವರಲ್ಲಿ ಹೆಚ್ಚಿನವರು ಬಂಗಲೆಯನ್ನು ನೋಡಲು ಬರುತ್ತಾರೆ ಎಂಬ ಸಂಶಯ ನನಗಿದೆ. ಹಾಡು ಆ ನೋಟಕ್ಕೆ ಹಿನ್ನೆಲೆಯಾದೀತು. ಹಾಗೆ ಬಂದವರಲ್ಲಿ ಒಬ್ಬರಿಬ್ಬರು ಹಾಡಿಗೂ ಸೋಲಬಹುದು ಎಂದು ಯಾರಾದರೂ ವಾದಿಸಿದರೆ ನಾನು ತಳ್ಳಿಹಾಕುವುದಿಲ್ಲ. ಆದರೂ ಅದು ಅದೃಷ್ಟದ ಮೇಲೆ ನಿಂತ ಯೋಜನೆ.

ಎರಡನೆಯ ನಂಬಿಕೆ, ಹಳೆಯ ಕಟ್ಟಡದಲ್ಲಿ ನಾದ ಹೆಚ್ಚು ಚೆನ್ನಾಗಿ ಕೇಳುತ್ತದೆ ಎನ್ನುವುದು. ಇದು ಅರ್ಧ ನಿಜ. ಯಾವ ಅರ್ಧ ಎಂದು ತಿಳಿಯಲು ಕಿವಿಯೇ ಸಾಕು. ನಮ್ಮ ಭಾಗದ ಮಣ್ಣಿನ ಮಾಳಿಗೆಯ ಮನೆಯ ಪಡಸಾಲೆಯಲ್ಲಿ ಮಾತಾಡಿ ನೋಡಿ: ಕಟ್ಟಿಗೆಯ ತೊಲೆ, ಮೇಲಿನ ಮಣ್ಣು, ದಪ್ಪ ಗೋಡೆಯ ಗಾರೆ, ಇವೆಲ್ಲ ದನಿಯನ್ನು ಒಂದಿಷ್ಟು ಹೀರಿ ಉಳಿದುದನ್ನು ಮೆತ್ತಗೆ ಮರಳಿಸುತ್ತವೆ. ಅದೇ ಮಾತನ್ನು ಕಲ್ಲಿನ ಕಂಬ, ಕಲ್ಲಿನ ಚಾವಣಿ, ಶಹಾಬಾದ್ ಪರಸಿಯ ನೆಲವಿರುವ ಗುಡಿಯಲ್ಲಿ ಆಡಿ ನೋಡಿ: ಒಂದು ಪದ ಮುಗಿಯುವ ಮೊದಲೇ ಅದರ ಹಿಂದಿನ ಪದ ಗೋಡೆಯಿಂದ ಮರಳಿ ಬಂದು ಮೇಲೆ ಬೀಳುತ್ತದೆ. ವಿಲಂಬಿತ ಆಲಾಪಕ್ಕೆ ಆ ಗುಂಗು ಒಂದು ಚೆಲುವನ್ನು ಕೊಟ್ಟೀತು. ಆದರೆ ದ್ರುತದಲ್ಲಿ ತಾನ್ ಶುರುವಾದರೆ ಸ್ವರಗಳು ಒಂದರೊಳಗೊಂದು ಕಲೆಸಿಹೋಗುತ್ತವೆ, ತಬಲಾದ ಬೋಲುಗಳ ಅಂಚು ಮಾಸುತ್ತದೆ. ಎರಡೂ ಕಟ್ಟಡಗಳು ಹಳೆಯವೇ. ಫಲ ಮಾತ್ರ ಬೇರೆ.

ಈ ವಿಷಯವನ್ನು ಮೊದಲು ಅಳೆದು ನೋಡಿದವರು ಅಮೆರಿಕದ ವಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಹೇಳಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ದನಿ ನಿಂತ ಮೇಲೂ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಅದರ ಗುಂಗು ಉಳಿಯುತ್ತಿತ್ತು. ಸಬೈನ್ ಇನ್ನೊಂದು ಸಭಾಂಗಣದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು ಹಾಸಿ, ಎಷ್ಟು ಮೆತ್ತೆಗೆ ಗುಂಗು ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿದರು. ಅವರು ಕಂಡುಕೊಂಡದ್ದು ಸರಳ: ಕೋಣೆಯ ಗಾತ್ರ ಮತ್ತು ಅದರೊಳಗೆ ದನಿಯನ್ನು ಹೀರುವ ವಸ್ತುಗಳ ಮೊತ್ತ, ಇವೆರಡೇ ಮುಖ್ಯ. ಕೂತಿರುವ ಮನುಷ್ಯರ ಮೈ ಮತ್ತು ಬಟ್ಟೆಯೂ ಆ ವಸ್ತುಗಳಲ್ಲಿ ಸೇರುತ್ತವೆ. ಹಾಗಾದರೆ ಜಮಖಾನೆ ಹಾಸಿ, ಜನ ಒತ್ತಾಗಿ ಕೂತ ಒಂದು ಸಾಧಾರಣ ಕೋಣೆ ಖಾಲಿ ಬಿದ್ದ ಅರಮನೆಗಿಂತ ಚೆನ್ನಾಗಿ ಹಾಡನ್ನು ತಲುಪಿಸಬಲ್ಲದು. ಸಂಗೀತಕ್ಕೆ ಒದಗುವ ಗುಣ ಕಟ್ಟಡದ ವಯಸ್ಸಿನಲ್ಲಿ ಇಲ್ಲ. ಅದು ಒತ್ತಾಗಿ ಕೂತ ಕೇಳುಗರಲ್ಲಿಯೂ ಇದೆ ಎನ್ನುವುದನ್ನು ವಿಜ್ಞಾನವೇ ಹೇಳುತ್ತಿದೆ.

ಮೂರನೆಯ ನಂಬಿಕೆಯನ್ನು ಎದುರಿಸುವುದು ಸ್ವಲ್ಪ ಕಷ್ಟ, ಏಕೆಂದರೆ ಅದರ ಪರವಾಗಿ ನನ್ನ ಮನಸ್ಸೂ ವಾಲುತ್ತದೆ. ಮೈಕು ಸಂಗೀತದ ಶತ್ರು ಎನ್ನುವುದು ಆ ನಂಬಿಕೆ. ತಂಬೂರಿಯ ತಂತಿಯ ಕೆಳಗೆ ದಾರವನ್ನು ಕೂದಲೆಳೆಯಷ್ಟು ಸರಿಸಿ ಜವಾರಿ ಕೂಡಿಸಿದಾಗ ಏಳುವ ನಾದವನ್ನು ನಾಲ್ಕು ಮೊಳ ದೂರದಲ್ಲಿ ಕೂತು ಕೇಳಿದವರಿಗೆ, ಧ್ವನಿವರ್ಧಕದಿಂದ ಬರುವುದು ಬೇರೆಯೇ ಏನೋ ಎಂದು ಒಡನೆಯೇ ತಿಳಿಯುತ್ತದೆ. ಮೀರಜ್‌ನ ಕುಶಲಕರ್ಮಿ ದಿನಗಟ್ಟಲೆ ಕೂತು ತಂತಿಗಳನ್ನು ಹೊರುವ ಕುದುರೆಯನ್ನು ಉಜ್ಜಿ ಸಿದ್ಧಪಡಿಸುವುದು ಆ ಸೂಕ್ಷ್ಮಕ್ಕಾಗಿಯೇ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ದನಿಯ ಮಟ್ಟ ಆರು ಡೆಸಿಬಲ್ ಇಳಿಯುತ್ತದೆ. ಸೂಕ್ಷ್ಮವಾದುದು ಮೊದಲು ಮಾಯವಾಗುತ್ತದೆ.

ಆದರೂ ಮೈಕನ್ನು ಪೂರ್ತಿ ನಿರಾಕರಿಸುವ ಮುನ್ನ ನಮ್ಮ ಸಭೆಗಳಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಬೇಕು. ಮುಂದಿನ ಸಾಲು ಹಿರಿಯರದು, ಗಣ್ಯರದು. ಹೆಣ್ಣುಮಕ್ಕಳು ಒಂದು ಬದಿಗೆ ಅಥವಾ ಹಿಂದೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು. ಹೊಲದಿಂದ ತಡವಾಗಿ ಬಂದವರು ಬಾಗಿಲ ಬಳಿ ಅಥವಾ ಹೊರಗಿನ ಕಟ್ಟೆಯ ಮೇಲೆ. ಮೈಕಿಲ್ಲದ ಸಭೆಯಲ್ಲಿ ಹಾಡು ಮೊದಲ ಸಾಲಿಗೆ ಪೂರ್ತಿ ಸಿಗುತ್ತದೆ, ಕಟ್ಟೆಗೆ ಚೂರುಪಾರು ಸಿಗುತ್ತದೆ. ಆದ್ದರಿಂದ ಮೈಕನ್ನು ತೆಗೆಯುವವರು ಮೊದಲು ಕೂರುವ ಕ್ರಮವನ್ನು ಬದಲಿಸಬೇಕು. ಗಾಯಕನನ್ನು ನಡುವೆ ಕೂರಿಸಿ ಸುತ್ತಲೂ ಜನ ಕೂತರೆ, ಗೋಡೆಗೆ ಬೆನ್ನು ಕೊಟ್ಟು ಉದ್ದಕ್ಕೆ ಕೂತುದಕ್ಕಿಂತ ಕೊನೆಯ ಕೇಳುಗ ಹಾಡಿಗೆ ಎಷ್ಟೋ ಹತ್ತಿರವಾಗುತ್ತಾನೆ. ಇದನ್ನು ಮಾಡದೆ ಮೈಕನ್ನು ಮಾತ್ರ ದೂರುವುದು ಹಿಂದಿನ ಸಾಲಿನವರಿಗೆ ಅನ್ಯಾಯ.

ಮೈಕಿಲ್ಲದಿರುವುದಕ್ಕೆ ಇನ್ನೊಂದು ಲಾಭವಿದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ನಿಯಮ ಸರಿಯಾದುದೇ. ಮಕ್ಕಳು ಓದಬೇಕು, ಮುದುಕರು ಮಲಗಬೇಕು. ಆದರೆ ಅದರ ಪರಿಣಾಮವಾಗಿ ದೊಡ್ಡ ವೇದಿಕೆಯ ಸಂಗೀತ ಸಂಜೆಯ ನಾಲ್ಕಾರು ರಾಗಗಳಿಗೆ ಕಟ್ಟುಬಿದ್ದಿದೆ. ನಡುರಾತ್ರಿಯ ಮಾಲಕಂಸ್, ಬೆಳಕು ಹರಿಯುವ ಮುಂಚಿನ ಲಲತ್, ಮುಂಜಾನೆಯ ತೋಡಿ, ಇವನ್ನು ಅವುಗಳ ವೇಳೆಗೇ ಕೇಳುವ ಅವಕಾಶ ಹೆಚ್ಚಿನವರ ಪಾಲಿಗೆ ಇಲ್ಲವಾಗಿದೆ. ನೆರೆಮನೆಯ ನಿದ್ದೆ ಕೆಡಿಸದೆ ಬೆಳತನಕ ಹಾಡಲು ಸಾಧ್ಯವಿರುವುದು ಸಣ್ಣ ಕೋಣೆಯ, ಮೈಕಿಲ್ಲದ ಬೈಠಕ್‌ನಲ್ಲಿ ಮಾತ್ರ. ಇದು ಭಾವುಕತೆಯ ಮಾತಲ್ಲ, ವ್ಯವಸ್ಥೆಯ ಮಾತು.

ನಾಲ್ಕನೆಯ ನಂಬಿಕೆ ಹಿಂದಿನ ಕಾಲದ ಬೈಠಕ್‌ಗಳ ಘನತೆಯನ್ನು ಕುರಿತದ್ದು. ಆಗಿನ ಕೇಳುಗರು ಬಲ್ಲವರಾಗಿದ್ದರು, ಆಗಿನ ಯಜಮಾನರು ಉದಾರಿಗಳಾಗಿದ್ದರು ಎನ್ನುತ್ತಾರೆ. ಅಂಥವರು ಇದ್ದರು, ಸಂದೇಹವಿಲ್ಲ. ಆದರೆ ಆ ಪಡಸಾಲೆಗಳ ಬಾಗಿಲು ಯಾರಿಗೆ ತೆರೆದಿತ್ತು ಎಂದೂ ಕೇಳಬೇಕಾಗುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಹಾಡುವವರ ಮನೆತನದವರು ಎಂಬ ಕಾರಣಕ್ಕೆ ಬಾಲ್ಯದಲ್ಲಿ ಬೀದಿಯಲ್ಲೇ ಹೀಯಾಳಿಕೆ ಉಂಡವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಆ ಹುಡುಗಿಗೆ, ಊಟವಾದ ಮೇಲೆ ಎಂಜಲೆಲೆ ತೆಗೆಯಲು ತನಗೆ ಹೇಳಿಬಿಟ್ಟಾರು ಎಂಬ ಅಂಜಿಕೆ ಇತ್ತು ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ದನಿಯನ್ನು ಮೆಚ್ಚುವ ಮನೆ ದನಿಯ ಒಡತಿಯನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಲು ಒಪ್ಪದಿದ್ದ ಕಾಲ ಅದು. ಅಂಥ ಕಡೆ ಗಾಯಕಿಗೂ ಕೇಳುಗನಿಗೂ ನಡುವೆ ಮೊಳದ ಲೆಕ್ಕದಲ್ಲಿ ದೂರ ಕಡಿಮೆಯಿದ್ದಿರಬಹುದು. ಬೇರೆ ಲೆಕ್ಕದಲ್ಲಿ ಅದು ಬಹಳ ಹೆಚ್ಚಿತ್ತು.

ಈ ಗೋಡೆಯನ್ನು ಒಡೆಯಲು ಹೊರಟವರೇ ವಿಷ್ಣು ದಿಗಂಬರ ಪಲುಸ್ಕರ್ ಅಂಥವರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ಅವರು ಟಿಕೆಟಿನ ಸಾರ್ವಜನಿಕ ಕಛೇರಿಗೆ ಒತ್ತು ಕೊಟ್ಟದ್ದು, ಗಾಯಕ ಒಬ್ಬ ಯಜಮಾನನ ಮರ್ಜಿಯಲ್ಲಿ ಬದುಕಬಾರದು ಎಂಬ ಕಾರಣಕ್ಕೆ. ಇಂದು ನಾವು ದೂರುವ ದೊಡ್ಡ ಸಭಾಂಗಣ ಒಂದು ಕಾಲದಲ್ಲಿ ಗಾಯಕರ ಸ್ವಾಭಿಮಾನಕ್ಕೆ ದೊರೆತ ಬಾಗಿಲಾಗಿತ್ತು. ಆದ್ದರಿಂದ ಬೈಠಕ್‌ಗೆ ಮರಳೋಣ ಎನ್ನುವವರು, ಯಾವ ಬೈಠಕ್‌ಗೆ ಎಂದು ಮೊದಲು ಹೇಳಬೇಕು. ಆಹ್ವಾನಿತರಿಗಷ್ಟೇ ತೆರೆಯುವ ಬಾಗಿಲಿಗೆ ಮರಳುವುದಾದರೆ ಅದು ನನಗೆ ಬೇಡ.

ಐದನೆಯ ನಂಬಿಕೆ, ನಿಶ್ಶಬ್ದವಾಗಿ ಕೂರುವುದೇ ಗೌರವ, ಸಣ್ಣ ಸಭೆಯಲ್ಲಂತೂ ಅದು ಕಡ್ಡಾಯ ಎನ್ನುವುದು. ಯುರೋಪಿನ ಚೇಂಬರ್ ಸಂಗೀತದ ಸಭೆಗಳನ್ನು ನೋಡಿ ಈ ಅಭಿಪ್ರಾಯ ಗಟ್ಟಿಯಾಗಿರಬಹುದು. ಲಂಡನ್ನಿನ ವಿಗ್ಮೋರ್ ಹಾಲ್ 1901ರಲ್ಲಿ ತೆರೆಯಿತು. ಸುಮಾರು 550 ಆಸನಗಳ ಆ ಸಭಾಂಗಣದಲ್ಲಿ ಇಂದು ನಾಲ್ವರು ತಂತಿವಾದ್ಯಗಾರರು ನುಡಿಸುತ್ತಿದ್ದರೆ ಭಾಗಗಳ ನಡುವೆ ಕೂಡ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಆ ಮೌನವೂ ಅನಾದಿಯಲ್ಲ. 1778ರಲ್ಲಿ ಪ್ಯಾರಿಸ್ಸಿನಿಂದ ತಂದೆಗೆ ಬರೆದ ಪತ್ರದಲ್ಲಿ ಮೋಜಾರ್ಟ್, ತನ್ನ ಸಿಂಫನಿಯ ನಡುವೆಯೇ ಒಂದು ಸೊಗಸಾದ ಜಾಗಕ್ಕೆ ಸಭೆ ಚಪ್ಪಾಳೆ ತಟ್ಟಿತು ಎಂದು ಸಂತೋಷದಿಂದ ತಿಳಿಸಿದ್ದಾನೆ. ಹಾಗೆ ಆಗುತ್ತದೆಂದು ಅಂದಾಜು ಮಾಡಿಯೇ ಅವನು ಆ ಜಾಗವನ್ನು ಕೊನೆಗೆ ಮತ್ತೊಮ್ಮೆ ತಂದಿದ್ದ. ಇನ್ನು ನಾಲ್ಕು ವಾದ್ಯಗಳ ಆ ಸಂಗೀತ ಬಹುಕಾಲ ಮನೆಗಳಲ್ಲಿ, ನುಡಿಸುವವರ ಸಂತೋಷಕ್ಕಾಗಿಯೇ ನಡೆದದ್ದು. ಕೇಳುಗ ಎಂಬ ಬೇರೆ ವರ್ಗ ಅಲ್ಲಿ ಆಮೇಲೆ ಬಂತು.

ನಮ್ಮ ಬೈಠಕ್ ಅಂತೂ ಮೌನವನ್ನು ನಂಬಿ ಬೆಳೆದಿಲ್ಲ. ಸಮ್ ಬಂದಾಗ ತಲೆದೂಗುವುದು, ಒಂದು ಎಡೆಯಲ್ಲಿ 'ಭಲೇ' ಎನ್ನುವುದು, ಬೆರಳಲ್ಲಿ ತಾಳ ಹಿಡಿಯುವುದು, ಇವು ಸಭೆಯ ಶಿಸ್ತನ್ನು ಕೆಡಿಸುವುದಿಲ್ಲ, ಗಾಯಕನಿಗೆ ದಾರಿ ತೋರಿಸುತ್ತವೆ. ಅವನು ಹಿಡಿದ ಎಳೆ ತಲುಪಿತೋ ಇಲ್ಲವೋ ಎಂಬುದು ಅವನಿಗೆ ಆ ಕ್ಷಣವೇ ತಿಳಿಯಬೇಕು, ಏಕೆಂದರೆ ಮುಂದಿನ ಎಳೆಯನ್ನು ಅವನು ಇನ್ನೂ ಕಟ್ಟಿಲ್ಲ. ಬರೆದಿಟ್ಟ ಕೃತಿಯನ್ನು ನುಡಿಸುವವರಿಗೆ ಮೌನ ಸಾಕಾಗಬಹುದು. ಹಾಡುತ್ತಲೇ ಕಟ್ಟುವವನಿಗೆ ಸಾಕಾಗದು. ಹಾಗೆಂದು ಹರಟೆಯನ್ನೂ ಮೊಬೈಲಿನ ಸದ್ದನ್ನೂ ನಾನು ಸಮರ್ಥಿಸುತ್ತಿಲ್ಲ. ಕೇಳುವಿಕೆಯಿಂದ ಹುಟ್ಟಿದ ದನಿಗೂ ಕೇಳದಿರುವಿಕೆಯಿಂದ ಹುಟ್ಟಿದ ದನಿಗೂ ಇರುವ ಭೇದವನ್ನು ಮಾತ್ರ ಹೇಳುತ್ತಿದ್ದೇನೆ.

ಆರನೆಯದು ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟ ನಂಬಿಕೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹಾನಿಕರವೂ ಹೌದು: ನಮ್ಮ ಕಡೆ ಶಾಸ್ತ್ರೀಯ ಸಂಗೀತ ಕೇಳುವವರಿಲ್ಲ, ರಾಗ ಗೊತ್ತಿಲ್ಲದವರಿಗೆ ಅದು ಹತ್ತುವುದಿಲ್ಲ. ಇದನ್ನು ಹೇಳುವವರು ಶ್ರಾವಣದಲ್ಲಿ ನಮ್ಮ ಭಾಗದ ಮಠಗಳಲ್ಲಿ ನಡೆಯುವ ಪುರಾಣದ ಸಭೆಗೆ ಹೋಗಿ ಕೂತು ನೋಡಬೇಕು. ಮಹಾದಾಸೋಹಿ ಶರಣಬಸವೇಶ್ವರರ ಪುರಾಣವೋ ಮತ್ತೊಂದೋ ತಿಂಗಳಿಡೀ ನಡೆಯುತ್ತದೆ. ಶಾಸ್ತ್ರಿಗಳ ಪಕ್ಕದಲ್ಲಿ ಪೇಟಿ ಹಿಡಿದ ಗವಾಯಿ, ಅವರ ಪಕ್ಕದಲ್ಲಿ ತಬಲಾದವರು. ಈ ಗವಾಯಿಗಳಲ್ಲಿ ಅನೇಕರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತವರು. ಕಣ್ಣಿಲ್ಲದ ಹುಡುಗರಿಗೆ, ಬಡವರ ಮಕ್ಕಳಿಗೆ ಜಾತಿ ಕೇಳದೆ ಸಂಗೀತ ಕಲಿಸಲು ಪಂಚಾಕ್ಷರಿ ಗವಾಯಿಗಳು ಕಟ್ಟಿ, 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ ಸಂಸ್ಥೆ ಅದು. ಅಲ್ಲಿ ಕಲಿತವರು ಖ್ಯಾಲ್ ಕಲಿತೇ ಹೊರಬರುತ್ತಾರೆ. ವಚನವನ್ನು ಎತ್ತಿಕೊಳ್ಳುವ ಮುಂಚೆ ಅವರು ಹಿಡಿಯುವ ಆಲಾಪ, ಅದು ಭೀಮಪಲಾಸಿಯಾಗಲಿ ಯಮನ್ ಆಗಲಿ, ಯಾವ ಸಭಾಂಗಣದಲ್ಲಿ ಹಾಡಿದರೂ ಶಾಸ್ತ್ರೀಯವೆಂದೇ ಅನ್ನಿಸಿಕೊಳ್ಳುವಂಥದ್ದು.

ಆ ಸಭೆಯಲ್ಲಿರುವವರಿಗೆ ರಾಗದ ಹೆಸರು ಗೊತ್ತಿಲ್ಲದಿರಬಹುದು. ಆದರೆ ವಚನದ ಮಾತು ಗೊತ್ತು. ಗೊತ್ತಿರುವ ಮಾತನ್ನು ಗವಾಯಿ ಎಲ್ಲಿ ನಿಲ್ಲಿಸಿದ, ಎಲ್ಲಿ ತಿರುಗಿಸಿದ, ನಿನ್ನೆಗಿಂತ ಇಂದು ಹೇಗೆ ಬೇರೆ ಮಾಡಿದ ಎನ್ನುವುದು ಅವರಿಗೆ ತಿಳಿಯುತ್ತದೆ. ತಿಂಗಳಿಡೀ ಅದೇ ಗವಾಯಿಯನ್ನು ಕೇಳಿದವರು ಅಮಾವಾಸ್ಯೆಯ ಹೊತ್ತಿಗೆ ಅವನ ದನಿಯ ಆಯಾಸವನ್ನೂ ಹುರುಪನ್ನೂ ಗುರುತಿಸಬಲ್ಲವರಾಗಿರುತ್ತಾರೆ. ವರ್ಷಕ್ಕೊಂದು ಕಛೇರಿಗೆ ಟಿಕೆಟ್ ತೆಗೆದು ಹೋಗುವ ನಗರದ ಕೇಳುಗನಿಗೆ ಇದು ದೊರೆಯುವುದು ಕಷ್ಟ. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ರಾಗದ ಪೂರ್ಣ ಗಾಂಭೀರ್ಯದಲ್ಲಿ ಹಾಡಿ ತೋರಿಸಿದ ಮೇಲೂ, ಇದನ್ನು ಭಕ್ತಿಸಂಗೀತ ಎಂಬ ಬೇರೆ ಕೋಣೆಗೆ ತಳ್ಳಿ, ನಮ್ಮಲ್ಲಿ ಶಾಸ್ತ್ರೀಯ ಸಂಗೀತವಿಲ್ಲ ಎಂದು ಕೊರಗುವುದು ನನಗೆ ಅರ್ಥವಾಗುವುದಿಲ್ಲ.

ತತ್ವಪದದ ಭಜನೆಗಳ ಮಾತು ಸ್ವಲ್ಪ ಬೇರೆ. ಕಡಕೋಳ ಮಡಿವಾಳಪ್ಪನವರ ಮತ್ತು ಆ ಪರಂಪರೆಯ ಅನೇಕರ ಪದಗಳನ್ನು ಏಕತಾರಿ, ದಮ್ಮಡಿ, ಪೇಟಿಗಳೊಂದಿಗೆ ರಾತ್ರಿಯೆಲ್ಲ ಹಾಡುವ ಮೇಳಗಳು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿವೆ. ಹಿಂದೂ ಮುಸಲ್ಮಾನ ಎಂಬ ಭೇದ ಆ ಪದ ಕಟ್ಟಿದವರಲ್ಲೂ ಇರಲಿಲ್ಲ, ಹಾಡುವವರಲ್ಲೂ ಹೆಚ್ಚಾಗಿ ಇಲ್ಲ. ಇದು ರಾಗವಿಸ್ತಾರದ ಸಂಗೀತವಲ್ಲ. ಅದನ್ನು ಹಾಗೆಂದು ಸಾಧಿಸಲು ನಾನು ಹೋಗುವುದೂ ಇಲ್ಲ. ಆದರೆ ಯುರೋಪಿನ ಮನೆಗಳಲ್ಲಿ ನಾಲ್ವರು ಕೂಡಿ ತಮಗಾಗಿ ನುಡಿಸಿಕೊಳ್ಳುತ್ತಿದ್ದುದರ ಹತ್ತಿರದ ಸಂಬಂಧಿಯನ್ನು ಗುರುಮಠಕಲ್ ಸೀಮೆಯಲ್ಲಿ ಹುಡುಕಬೇಕೆಂದರೆ ಅದು ಈ ಮೇಳಗಳಲ್ಲಿ ಸಿಗುತ್ತದೆ. ಅಲ್ಲಿ ಒಬ್ಬರು ಎತ್ತುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. ಕೇಳುವವರು ಎಂದು ಬೇರೆ ಯಾರೂ ಇಲ್ಲ.

ಇಲ್ಲಿ ನನ್ನ ವಾದಕ್ಕೆ ವಿರುದ್ಧವಾದ ಎರಡು ಸಂಗತಿಗಳನ್ನು ಎದುರಿಸಬೇಕು. ಮೊದಲನೆಯದು, ಹತ್ತಿರವೇ ಎಲ್ಲ ಎಂದಾದರೆ ದೂರದಿಂದ ಬಂದ ದನಿ ಯಾರ ಬದುಕನ್ನೂ ಬದಲಿಸಬಾರದಿತ್ತು. ಆದರೆ ಭೀಮಸೇನ ಜೋಶಿಯವರನ್ನು ಬಾಲ್ಯದಲ್ಲಿ ಸೆಳೆದದ್ದು ಯಾವ ಬೈಠಕ್ಕೂ ಅಲ್ಲ, ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. 1950ರಲ್ಲಿ ಧಾರವಾಡದಲ್ಲಿ, 1966ರಲ್ಲಿ ಕಲಬುರಗಿಯಲ್ಲಿ ಶುರುವಾದ ಆಕಾಶವಾಣಿ ಕೇಂದ್ರಗಳು ರಾಗಸಂಗೀತವನ್ನು ಎಂದೂ ಕಛೇರಿ ಕಾಣದ ಹೊಲಮನೆಗಳಿಗೆ ಮುಟ್ಟಿಸಿದವು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೂ ತಟ್ಟೆಯಿಂದ ಹಸಿವು ಹುಟ್ಟಿತು, ತೀರಲಿಲ್ಲ ಎನ್ನುವುದನ್ನು ಗಮನಿಸಬೇಕು. ಅದೇ ಹುಡುಗ ಮನೆ ಬಿಟ್ಟು, ಊರೂರು ಅಲೆದು, ಕೊನೆಗೆ ಕುಂದಗೋಳದ ಗುರುವಿನ ಎದುರು ಕೂತ. ದೂರದ ದನಿ ಕರೆಯಬಲ್ಲದು. ಉತ್ತರ ಕೊಡಲು ಎದುರಿಗೆ ಒಬ್ಬರು ಬೇಕು.

ಎರಡನೆಯದು ಹಣ. ಐವತ್ತು ಜನ ತಲಾ 200 ರೂಪಾಯಿ ಕೊಟ್ಟರೆ ಕೂಡುವುದು 10,000. ಗಾಯಕರು, ತಬಲಾದವರು, ಪೇಟಿಯವರು ದೂರದ ಊರಿನಿಂದ ಬಂದು ಹೋಗುವ ಖರ್ಚು ಕಳೆದರೆ ಅವರ ಕೈಗೆ ಮರ್ಯಾದೆಯ ಸಂಭಾವನೆ ಉಳಿಯುವುದಿಲ್ಲ. ನಮ್ಮೂರಿನಲ್ಲಿ ಒಂದು ಸಂಜೆಗೆ 200 ರೂಪಾಯಿ ಕೊಡಬಲ್ಲವರೇ ಎಷ್ಟು ಜನ? ಸಣ್ಣ ಬೈಠಕ್ಕನ್ನು ಹೊಗಳುವವರು ಈ ಲೆಕ್ಕವನ್ನು ಬದಿಗಿಟ್ಟರೆ ಅದರ ಭಾರ ಕಲಾವಿದರ ಮೇಲೆ ಬೀಳುತ್ತದೆ. ಇದಕ್ಕೆ ನನ್ನಲ್ಲಿ ಪೂರ್ಣ ಪರಿಹಾರವಿಲ್ಲ. ಆದರೆ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ನಮ್ಮ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಶಾಮಿಯಾನ, ಫ್ಲೆಕ್ಸ್, ಶಾಲು, ಹಾರ, ಸ್ಮರಣಿಕೆಗಳಿಗೆ ಆಗುವ ಖರ್ಚನ್ನು ಬಲ್ಲವರು ಬಲ್ಲರು. ಉದ್ಘಾಟನೆ, ಸ್ವಾಗತ, ಸನ್ಮಾನಗಳಿಗೆ ಹೋಗುವ ಹೊತ್ತನ್ನು ಎಲ್ಲರೂ ಬಲ್ಲರು. ಗಾಯಕರು ತಂಬೂರಿ ಕೂಡಿಸಿಕೊಂಡು ಕಾಯುತ್ತಿರುವಾಗ ನಾಲ್ಕು ಭಾಷಣಗಳಾಗಿ, ಅವರಿಗೆ ಕೊನೆಗೆ ನಲವತ್ತು ನಿಮಿಷ ಉಳಿಯುವುದು ಅಪರೂಪದ ಅನುಭವವಲ್ಲ. ಅಧ್ಯಕ್ಷರಿಲ್ಲದ, ವೇದಿಕೆಯಿಲ್ಲದ, ಹಾರವಿಲ್ಲದ ಸಭೆಯೊಂದು ಆ ಹಣವನ್ನೂ ಹೊತ್ತನ್ನೂ ಹಾಡುವವರಿಗೆ ಕೊಡಬಲ್ಲದು. ಮಠಗಳಲ್ಲಿ ದಾಸೋಹ ಇದ್ದೇ ಇರುವುದರಿಂದ ಬಂದವರ ಊಟದ ಚಿಂತೆ ಹೇಗೂ ಇಲ್ಲ.

ಹಾಗಾದರೆ ಸಣ್ಣ ಬೈಠಕ್‌ನಲ್ಲಿ ನಿಜವಾಗಿ ಬೆಲೆಯುಳ್ಳದ್ದು ಯಾವುದು? ನನಗೆ ಕಾಣುವುದು ಮೂರು. ಹಾಡುವವರ ಮುಖ ಕೇಳುವವರಿಗೂ, ಕೇಳುವವರ ಮುಖ ಹಾಡುವವರಿಗೂ ಕಾಣುವಷ್ಟು ಹತ್ತಿರ ಒಂದು. ಅದೇ ಜನ ಮತ್ತೆ ಮತ್ತೆ ಕೂಡುವುದು ಇನ್ನೊಂದು, ಏಕೆಂದರೆ ಒಂದು ಸಂಜೆಯಲ್ಲಿ ಯಾವ ಕಿವಿಯೂ ಪಳಗುವುದಿಲ್ಲ. ಬಾಗಿಲು ಯಾರಿಗೂ ಮುಚ್ಚದಿರುವುದು ಮೂರನೆಯದು. ಈ ಕೊನೆಯದಿಲ್ಲದೆ ಮೊದಲೆರಡು ಕೆಲವರ ಭೋಗವಾಗಿ ಉಳಿಯುತ್ತವೆ. ಈ ಮೂರರಲ್ಲಿ ಯಾವುದಕ್ಕೂ ನೂರೈವತ್ತು ವರ್ಷದ ಗೋಡೆ ಬೇಕಿಲ್ಲ. ಹಾಗೆಯೇ ಸಾವಿರ ಆಸನದ ರಂಗಮಂದಿರವೂ ಬೇಕಿಲ್ಲ. ಗೋಡೆ ಹಳೆಯದಾಗಿದ್ದರೆ ಸಂತೋಷ, ಅದನ್ನು ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಅದು ಬೇರೆ ಕರ್ತವ್ಯ.

ಗುರುಮಠಕಲ್‌ನಲ್ಲಿ ಈಗ ಮಾಡಬಹುದಾದುದು ಚಿಕ್ಕದು, ಆದ್ದರಿಂದಲೇ ಆಗಬಲ್ಲದ್ದು. ಖಾಸಾಮಠದಂಥ ಒಂದು ಮಠದ ಪಡಸಾಲೆ, ಒಂದು ಶಾಲೆಯ ಕೋಣೆ, ಇಲ್ಲವೇ ಯಾರದಾದರೂ ವಾಡೆಯ ಅಂಗಳ, ಎಲ್ಲಿಯಾದರೂ ಆಗಲಿ, ತಿಂಗಳಿಗೊಂದು ಗೊತ್ತಾದ ದಿನ. ಶ್ರಾವಣದಲ್ಲಿ ಪುರಾಣಕ್ಕೆ ಹಾಡುವ ಗವಾಯಿಯನ್ನೇ ಕೇಳಿಕೊಂಡರೆ ಸಾಕು: ಇಂದು ಪ್ರವಚನವಿಲ್ಲ, ನೀವು ಕಲಿತ ಖ್ಯಾಲನ್ನು ಬೇಕಾದಷ್ಟು ಹೊತ್ತು ಹಾಡಿ, ಆಮೇಲೆ ವಚನಕ್ಕೆ ಬನ್ನಿ. ಶಿವರಾತ್ರಿಯ ಜಾಗರಣೆಗೆ ಜನ ಹೇಗೂ ಎದ್ದಿರುತ್ತಾರೆ. ಆ ರಾತ್ರಿ ಮೈಕನ್ನು ಬದಿಗಿಟ್ಟು ಮಾಲಕಂಸ್‌ನಿಂದ ಲಲತ್‌ವರೆಗೆ ಒಮ್ಮೆ ನಡೆದು ನೋಡಬಹುದು. ಕೂರುವ ಕ್ರಮವನ್ನು ಬದಲಿಸಿ, ಹೆಣ್ಣುಮಕ್ಕಳಿಗೂ ತಡವಾಗಿ ಬಂದವರಿಗೂ ಹಾಡು ಸಮನಾಗಿ ಸಿಗುವಂತೆ ಮಾಡಬಹುದು. ಮೊದಲ ತಿಂಗಳು ಇಪ್ಪತ್ತು ಜನ ಬಂದರೆ ಅದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಅದೇ ಇಪ್ಪತ್ತು ಜನ ಆರನೆಯ ತಿಂಗಳಿಗೂ ಬಂದರೆ, ಒಮ್ಮೆ ಸೇರಿ ಚದುರಿದ ಎರಡು ಸಾವಿರಕ್ಕಿಂತ ಅವರೇ ಸಂಗೀತಕ್ಕೆ ಹೆಚ್ಚು ಒದಗುವವರು.

ರಂಗಮಂದಿರ ಬರಲಿ. ಟೇಲರ್ ಮಂಜಿಲ್ ಚೆನ್ನಾಗಿ ಉಳಿಯಲಿ, ಅಲ್ಲಿಯೂ ಒಂದು ದಿನ ತಂಬೂರಿ ಮಿಡಿಯಲಿ. ನಾನು ಒಪ್ಪದಿರುವುದು ಇಷ್ಟನ್ನೇ: ಅವು ಬರುವತನಕ ನಮ್ಮಲ್ಲಿ ಸಂಗೀತವಿಲ್ಲ, ಕೇಳುಗರಿಲ್ಲ ಎಂಬ ಮಾತನ್ನು. ಗವಾಯಿ ಇದ್ದಾರೆ, ಕಿವಿಗಳಿವೆ, ಕೂರಲು ಜಾಗವಿದೆ. ಇವುಗಳನ್ನು ಒಂದು ದಿನ ಗೊತ್ತುಮಾಡಿ ಒಂದೆಡೆ ತರುವ ಕೆಲಸ ಯಾವ ಇಲಾಖೆಗೂ ಕಾಯಬೇಕಾದುದಲ್ಲ. ಇದು ಸಾಧ್ಯವಿಲ್ಲ ಎನ್ನುವವರಿದ್ದರೆ, ಮಾಡಿ ನೋಡಿದ ಮೇಲೆ ಹೇಳಲಿ ಎಂಬುದು ನನ್ನ ವಿನಂತಿ.